ನಕ್ಷತ್ರಯಾನದ ಜಮಾ-ಖರ್ಚು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವವರು, ವಿಜ್ಞಾನಿಗಳಲ್ಲ. ಈ ವಿಷಯವನ್ನು ಎತ್ತಿಕೊಳ್ಳಲು ನಮ್ಮ ಮಕ್ಕಳೇ ಕಾರಣ. ತೀನ್ ಮೂರ್ತಿಯ ತಾರಾಲಯದಿಂದ ಹೊರಬರುತ್ತ, ನಕ್ಷತ್ರಕ್ಕೆ ಎಷ್ಟು ದಿನದ ದಾರಿ ಎಂದು ಕೇಳಿದರು. ಪ್ರಶ್ನೆ ಬಂದದ್ದು ಹಿಂದಿಯಲ್ಲಿ. ಉತ್ತರವನ್ನಾದರೂ ಕನ್ನಡದಲ್ಲಿ ಕೊಡೋಣವೆಂದರೆ ನಮಗೆ ಉತ್ತರವೇ ಗೊತ್ತಿರಲಿಲ್ಲ. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿ ಎಂಬಷ್ಟೇ ನಮ್ಮ ಅರಿವು!

ಆಮೇಲೆ ಓದಿ ಲೆಕ್ಕ ಹಾಕಿದೆವು. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಆ ವೇಗದಲ್ಲಿ ಅಲ್ಲಿಗೆ ಸುಮಾರು 75,000 ವರ್ಷ!

ಹಾಗಾದರೆ ನಕ್ಷತ್ರವನ್ನು ಉರಿಸುವ ಶಕ್ತಿಯನ್ನೇ ಕಡ ತಂದರೆ? ಹಗುರ ಪರಮಾಣುಗಳ ಬೀಜಗಳು ಬೆಸೆದುಕೊಂಡಾಗ ತೂಕದಲ್ಲಿ ಕಿಂಚಿತ್ತು ಕಡಿಮೆಯಾಗಿ, ಆ ಕಿಂಚಿತ್ತೇ ಅಪಾರ ಶಕ್ತಿಯಾಗುತ್ತದೆ. ಇದೇ ಬೈಜಿಕ ಸಮ್ಮಿಲನ. ಇಂಗ್ಲೆಂಡಿನಲ್ಲಿ ನಮ್ಮದರಂತೆಯೇ ಒಂದು ಸಂಘವುಂಟು, ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ. ಅದರ ಸದಸ್ಯರು 1973ರಿಂದ 1978ರವರೆಗೆ, ಬಿಡುವಿನ ವೇಳೆಯಲ್ಲಿ, ‘ಡೀಡಲಸ್’ ಎಂಬ ನೌಕೆಯ ನಕ್ಷೆ ಸಿದ್ಧಪಡಿಸಿದರು. ತೂಕ 54,000 ಟನ್. ಅದರಲ್ಲಿ 50,000 ಟನ್ ಇಂಧನವೇ! ಸೆಕೆಂಡಿಗೆ 250 ಇಂಧನದ ಗುಳಿಗೆಗಳು ಸಿಡಿಯಬೇಕು. ಬೆಳಕಿನ ವೇಗದ ನೂರರಲ್ಲಿ ಹನ್ನೆರಡು ಪಾಲು ವೇಗ ಪಡೆದು, ಸುಮಾರು 50 ವರ್ಷಗಳಲ್ಲಿ ಬರ್ನಾರ್ಡ್ ನಕ್ಷತ್ರವನ್ನು ಹಾದುಹೋಗಬೇಕು. ನೌಕೆಯಲ್ಲಿ ಮನುಷ್ಯರಿಲ್ಲ, ಅಲ್ಲಿ ನಿಲ್ಲುವ ಏರ್ಪಾಡೂ ಇಲ್ಲ. ಇಂಧನಕ್ಕೆ ಬೇಕಾದ ಹೀಲಿಯಂ-3 ಭೂಮಿಯಲ್ಲಿ ದುರ್ಲಭವಾದ್ದರಿಂದ ಗುರುಗ್ರಹದಿಂದ ತರಬೇಕು.

ಇದು ಕಾಗದದ ಮಾತು. ನೆಲದ ಮೇಲಿನ ಲೆಕ್ಕ ಬೇರೆ. ಈ ಶಕ್ತಿ ಎರಡು ದಶಕಗಳಲ್ಲಿ ಹತೋಟಿಗೆ ಬಂದೀತೆಂದು ಹೋಮಿ ಭಾಭಾ ಅವರು 1955ರಲ್ಲಿ ಜಿನೀವಾದಲ್ಲಿ ನುಡಿದಿದ್ದರು. ನಮ್ಮ ದೇಶದ ‘ಆದಿತ್ಯ’ ಯಂತ್ರ ಗುಜರಾತಿನ ಗಾಂಧಿನಗರದಲ್ಲಿ ಕೆಲಸ ಆರಂಭಿಸಿದ್ದು 1989ರಲ್ಲಿ. 2022ರ ಡಿಸೆಂಬರಿನಲ್ಲಿ ಅಮೆರಿಕದವರು 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಪಡೆದರು. ಲಾಭವೇ ಸರಿ, ಆದರೆ ಆ ಲೇಸರುಗಳಿಗೆ ಖರ್ಚಾದ ವಿದ್ಯುತ್ತು ಸುಮಾರು 300 ಮೆಗಾಜೂಲ್! ನಮ್ಮ ಲೆಡ್ಜರಿನಲ್ಲಿ ಇದು ನಷ್ಟದ ಬಾಬು.

ಹಾಗೆಂದು ಖಾತೆ ಮುಚ್ಚಬಹುದೇ? ಉಡುಪಿ ಸೀಮೆಯ ಯು. ಆರ್. ರಾಯರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ‘ಆರ್ಯಭಟ’ 1975ರಲ್ಲಿ ರಷ್ಯದ ರಾಕೆಟ್ಟಿನಲ್ಲಿ ಮೇಲೇರಿತು. ಆ ಮೂಲಧನದ ಬಡ್ಡಿ 2023ರಲ್ಲಿ ಚಂದ್ರನ ಮೇಲೆ ಇಳಿಯಿತು. ಡೀಡಲಸ್ ಒಂದು ದಿನ ಹೊರಟರೂ, ತಲುಪಿದ ಸುದ್ದಿ ಬರುವಾಗ ಕಟ್ಟಿದವರಲ್ಲಿ ಹಲವರು ಇರಲಾರರು. ಬಂದ ಸುದ್ದಿಯನ್ನು ಓದಿ ತಿಳಿಯಲು ಮಕ್ಕಳಿರಬೇಕು.

ಈಗ ನಮ್ಮ ಮಕ್ಕಳಿಗೆ ಉತ್ತರ ಕೊಟ್ಟಿದ್ದೇವೆ: “ಐವತ್ತು ವರ್ಷದ ದಾರಿ, ಮಗು, ಟಿಕೆಟ್ಟು ಮಾತ್ರ ಇನ್ನೂ ಅಚ್ಚಾಗಿಲ್ಲ.” ಉತ್ತರ ಕನ್ನಡದಲ್ಲಿತ್ತು; ಮುಂದಿನ ಪ್ರಶ್ನೆಯೂ ಕನ್ನಡದಲ್ಲೇ ಬಂತು. ದೆಹಲಿಯ ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಹೀಗೆಯೇ ಆಗಲೆಂದು ಹಾರೈಸಿ ವಿರಮಿಸುತ್ತೇವೆ.