ದಂತಾರೋಗ್ಯವೂ ನಮ್ಮ ಧರ್ಮಕೇಂದ್ರವೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ದಂತ ತಪಾಸಣಾ ಶಿಬಿರದ ಉದ್ಘಾಟನೆಯಂದು ಧರ್ಮಗುರುಗಳು ಮಾಡಿದ ಭಾಷಣ)



ಹಲ್ಲುನೋವಿನಿಂದ ಬಳಲುವವರು ಸಂತ ಅಪೊಲೋನಿಯಳ ಮಧ್ಯಸ್ಥಿಕೆಯನ್ನು ಬೇಡುವುದು ಪವಿತ್ರ ಸಭೆಯ ಹಳೆಯ ರೂಢಿ. ಕ್ರಿ.ಶ. 249ರಲ್ಲಿ ಅಲೆಕ್ಸಾಂಡ್ರಿಯಾ ನಗರದ ಉದ್ರಿಕ್ತ ಜನಸ್ತೋಮವು ಆಕೆಯ ಹಲ್ಲುಗಳನ್ನು ಹೊಡೆದುದುರಿಸಿತು. ಆಕೆ ಅಗ್ನಿಯಲ್ಲಿ ಪ್ರಾಣತೆತ್ತಳು. ಚಿತ್ರಕಾರರು ಇಕ್ಕಳ ಹಿಡಿದ ತರುಣಿಯನ್ನಾಗಿ ಚಿತ್ರಿಸಿರುವರಾದರೂ, ಅಲ್ಲಿಯ ಧರ್ಮಾಧ್ಯಕ್ಷ ದಿಯೊನೀಸಿಯಸರ ಪತ್ರದ ಪ್ರಕಾರ ಆಕೆ ವಯೋವೃದ್ಧೆ. ಫೆಬ್ರವರಿ 9 ಆಕೆಯ ಹಬ್ಬ. ಆದರೆ ಪ್ರಾರ್ಥನೆ ಸಲ್ಲಿಸಿ, ಹಲ್ಲಿಗೆ ಲವಂಗವನ್ನೋ ಹೊಗೆಸೊಪ್ಪನ್ನೋ ಒತ್ತಿ ಆರು ತಿಂಗಳು ಕಳೆಯಿರೆಂದು ಸಭೆಯು ಯಾರಿಗೂ ಬೋಧಿಸಿಲ್ಲ.

ಹಳ್ಳಿಗರು ಹಲ್ಲನ್ನು ಅಲಕ್ಷಿಸುವುದು ಅಜ್ಞಾನದಿಂದ ಎಂದು ಪೇಟೆಯವರು ಹೇಳುವುದುಂಟು. ನಾನು ಒಪ್ಪೆನು. ನಮ್ಮ ಕರಾವಳಿಯಲ್ಲಿ ದಂತವೈದ್ಯರಿಗೇನೂ ಬರವಿಲ್ಲ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು 1965ರಲ್ಲಿ, ದೇರಳಕಟ್ಟೆಯದು 1985ರಲ್ಲಿ ಆರಂಭವಾದವು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರಿರುವುದಿಲ್ಲ. ದೂರದ ಆಸ್ಪತ್ರೆಗೆ ಹೊರಟರೆ ಕೂಲಿಯವಳಿಗೆ ಒಂದು ದಿನದ ಸಂಬಳ ಹೋಯಿತು, ಬಸ್ಸಿನ ಖರ್ಚು ಬೇರೆ. ಕೊಳೆತ ಹಲ್ಲನ್ನು ಕೀಳಿಸಲು ಒಂದು ಸಲ ಹೋದರೆ ಸಾಕು. ಬೇರಿನ ಚಿಕಿತ್ಸೆ ಮಾಡಿಸಿ ಉಳಿಸಿಕೊಳ್ಳಲು ಹಲವು ಸಲ ಹೋಗಬೇಕು. ಆದುದರಿಂದಲೇ ಬಡವರು ಕೀಳಿಸಿಕೊಂಡು ಬರುವುದು.

ತಾಯಂದಿರಲ್ಲಿ ಒಂದು ಮಾತು. ಮಗುವಿಗೆ ಆರನೆಯ ವರ್ಷದ ಸುಮಾರಿಗೆ ಹಿಂಬದಿಯಲ್ಲಿ ಮೂಡುವ ದವಡೆಹಲ್ಲು ಹಾಲುಹಲ್ಲಲ್ಲ. ಅದು ಬಿದ್ದು ಮತ್ತೆ ಹುಟ್ಟುವುದೆಂದು ತಿಳಿದು ಹುಳುಕನ್ನು ಕಡೆಗಣಿಸುವವರು ಬಹಳ. ಟಾಂಜಾನಿಯಾ ದೇಶದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಒಂದು ಕ್ರಮವಿದೆ: ಕೊರೆಯುವ ಯಂತ್ರವೂ ಬೇಡ, ವಿದ್ಯುತ್ತೂ ಬೇಡ, ಕೈಯ ಉಪಕರಣದಿಂದ ಹುಳುಕನ್ನು ಕೆರೆದು ಗ್ಲಾಸ್ ಅಯೋನೊಮರ್ ಎಂಬ ಸಿಮೆಂಟನ್ನು ತುಂಬುವರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಸಿಮೆಂಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಶಾಲೆಯ ಬೆಂಚಿನ ಮೇಲೆಯೇ ಮಾಡಬಹುದಾದ ಕೆಲಸವಿದು.

ಇನ್ನು ಹೇಳಲು ಕಷ್ಟವಾದ ವಿಷಯ. ಪರಮಪ್ರಸಾದವನ್ನು ನಾಲಗೆಯ ಮೇಲಿಡುವ ಗುರುವಿಗೆ ತನ್ನ ಜನರ ಬಾಯಿಗಳ ಪರಿಚಯವಿರುತ್ತದೆ. ವರುಷದಿಂದ ವರುಷಕ್ಕೆ ಕಿರಿದಾಗಿ ತೆರೆಯುವ ಬಾಯಿಗಳನ್ನು ನಾನು ಕಾಣುತ್ತಿದ್ದೇನೆ. ಅಡಿಕೆ ನಮ್ಮಲ್ಲಿ ಅನೇಕರ ಅನ್ನ. ಈ ಇಗರ್ಜಿಯ ಗೋಪುರಕ್ಕೂ ಅಡಿಕೆಯ ದುಡ್ಡು ಸಂದಿದೆ. ಆದರೂ ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ಗ್ರಂಥದಲ್ಲಿ ಪ್ರಕಟಿಸಿದೆ. ತೋಟ ಕಡಿಯಿರೆಂದು ನಾನು ಹೇಳುತ್ತಿಲ್ಲ. ಜಗಿಯುವವರು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಬಾಯೊಳಗೆ ಇಟ್ಟು ನೋಡಲಿ. ಹಿಡಿಯದಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಇದ್ದರೆ, ಇಂದೇ ವೈದ್ಯರಿಗೆ ತೋರಿಸಲಿ. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ.

ಶಿಬಿರ ಸಂಜೆಗೆ ಮುಗಿಯುವುದು. ಚೀಟಿ ಬರೆದುಕೊಟ್ಟ ಮೇಲೆ ರೋಗಿಯನ್ನು ಕರೆದೊಯ್ಯುವವರಾರು? ಶತಮಾನೋತ್ಸವ ನಿಧಿಯಲ್ಲಿ ಉಳಿಯುವ ಹಣದಿಂದ ಮಹಾದ್ವಾರ ಕಟ್ಟಿಸಬೇಕೆಂಬ ಸೂಚನೆ ಪಾಲನಾ ಸಮಿತಿಯ ಮುಂದಿದೆ. ತಿಂಗಳಿಗೊಂದು ದಿನ ಇಗರ್ಜಿಯ ಜೀಪು ರೋಗಿಗಳನ್ನು ಆಸ್ಪತ್ರೆಗೆ ಒಯ್ದು ತರಲಿ, ಕೂಲಿ ಕಳೆದುಕೊಂಡವರಿಗೆ ಆ ದಿನದ ಸಂಬಳ ಸಿಗಲಿ ಎಂಬುದು ನನ್ನ ಸೂಚನೆ. 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಹಂಚತೊಡಗಿದ ಫಾದರ್ ಮುಲ್ಲರರು ಆಲದ ಮರದ ಕೆಳಗೆ ಕುಳಿತಿದ್ದರು, ದ್ವಾರವಿರಲಿಲ್ಲ. ಮುಂದಿನ ಭಾನುವಾರದ ಬಲಿಪೂಜೆಯ ಬಳಿಕ ಸಭೆ ಸೇರಿ ನೀವೇ ನಿರ್ಧರಿಸಿರಿ.

ಚೀಟಿ ಪಡೆದವರು, ಯಾವ ಮತದವರೇ ಆಗಲಿ, ಕಾನ್ವೆಂಟಿನ ಭಗಿನಿಯರಲ್ಲಿ ಹೆಸರು ಬರೆಯಿಸಿರಿ. ವೈದ್ಯರು ಸಿದ್ಧರಾಗಿದ್ದಾರೆ. ಮೊದಲು ವೃದ್ಧರೂ ಮಕ್ಕಳೂ ಒಳಗೆ ಹೋಗಲಿ.