ಬಹುಮಾನದ ಪಟ್ಟಿಯಲ್ಲಿಲ್ಲದ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರುಗಿದ ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಬಹುಮಾನ ಪಡೆದ ಮಕ್ಕಳನ್ನು ಈಗತಾನೇ ಅಭಿನಂದಿಸಿದೆವು. ಆ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಮಕ್ಕಳ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು, ಬಾಯಿಲೆಕ್ಕದಲ್ಲಿಯೂ ಸೈ ಎನಿಸಿಕೊಂಡ ಹುಡುಗನು ಪುಸ್ತಕವನ್ನು ಕೈಗೆತ್ತಿಕೊಂಡೊಡನೆ ತಡವರಿಸುತ್ತಾನೆ. ಪಕಾರವನ್ನು ವಕಾರವೆಂದು ಓದುತ್ತಾನೆ. ಒತ್ತಕ್ಷರ ಬಂದಲ್ಲಿ ನಿಂತೇಬಿಡುತ್ತಾನೆ. ಕನ್ನಡವನ್ನು ಬರೆದಂತೆಯೇ ಓದುವುದರಿಂದ ಅದು ಎಲ್ಲರಿಗೂ ಸುಲಭವೆಂದು ಭಾವಿಸಿದ್ದೇವೆ. ಆದರೆ ಒಂದೊಂದು ವ್ಯಂಜನಕ್ಕೂ ಕಾಗುಣಿತದ ರೂಪಗಳು, ಕೆಳಗೆ ಒತ್ತುಗಳು, ಜೊತೆಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಇವೆಲ್ಲ ಸೇರಿ ಮಗುವಿನ ನೆನಪಿನ ಮೇಲೆ ಬೀಳುವ ಹೊರೆ ಕಡಿಮೆಯದಲ್ಲ. ಅಂತಹ ಮಗುವಿಗೆ ನಾವಿಡುವ ಹೆಸರು ಸೋಮಾರಿ. ಕೊಡುವ ಮದ್ದು ಇಂಪೊಸಿಷನ್. ಹತ್ತು ಸಲ ಬರೆಸಿದರೆ ಬೆರಳು ನೋಯುವುದೇ ಹೊರತು ಅಕ್ಷರ ತಲೆಗೆ ಹತ್ತುವುದಿಲ್ಲ.

ಇದು ಹೊಸತೇನಲ್ಲ. 1896ರಲ್ಲಿಯೇ ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಎಂಬುವರು, ಬುದ್ಧಿವಂತನಾಗಿದ್ದರೂ ಓದಲಾರದ 14 ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ನ್ಯೂನತೆಗಳಲ್ಲಿ ಒಂದಾಗಿ ಹೆಸರಿಸಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆಯುಳ್ಳ ಶಾಲೆಗಳು ಇಂತಹ ಮಕ್ಕಳಿಗೆ ಇತರರೊಡನೆಯೇ ಕಲಿಸಬೇಕೆನ್ನುತ್ತದೆ. ಹಿಂದುಳಿದವರನ್ನೆಲ್ಲ ಒಂದು ಸೆಕ್ಷನ್ನಿಗೆ ತಳ್ಳುವ ಪದ್ಧತಿ ಹೋಗಲೇಬೇಕು.

ಮೈಸೂರಿನವರಾದ ನಮಗೆ ನೆಪ ಹೇಳಲು ಅವಕಾಶವೇ ಇಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿಯೇ ಇದೆ. ದೂರದ ಊರುಗಳವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. ಸಿಟಿಬಸ್ಸಿನಲ್ಲಿ ದಿನವೂ ಅದರ ಮುಂದೆ ಹಾದುಹೋಗುವ ನಮ್ಮವರು ಗೇಟಿನ ಬಳಿ ಹಿಂಜರಿಯುತ್ತಾರೆ. "ಸ್ವಾಮಿ, ಅಲ್ಲಿಗೆ ಹೋದೆವೆಂದು ತಿಳಿದರೆ ನಾಳೆ ಹುಡುಗಿಗೆ ಮದುವೆಯಾಗುವುದೇ?" ಎಂದು ತಾಯಿಯೊಬ್ಬರು ನಮ್ಮನ್ನು ಕೇಳಿದ್ದುಂಟು. ದಡ್ಡಿಯೆಂಬ ಹೆಸರನ್ನು ಆ ಹುಡುಗಿ ಆಗಲೇ ಹೊತ್ತಿದ್ದಳು, ಅದೂ ಮನೆಯವರ ಬಾಯಿಂದಲೇ. ಪರೀಕ್ಷಿಸಿ ಪ್ರಮಾಣಪತ್ರ ಪಡೆದವರಿಗೆ ಆಗುವ ಪ್ರಯೋಜನವನ್ನೂ ನೋಡಿರಿ: ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಬರೆಯಲು ಕಷ್ಟಪಡುವ ಅರ್ಹ ವಿದ್ಯಾರ್ಥಿಗಳಿಗೆ ಲಿಪಿಕಾರರ ನೆರವನ್ನೂ, ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚಿನ ಕಾಲವನ್ನೂ ಕೊಡಬೇಕೆಂದು ಹೇಳಿತು.

ವಿಚಾರಣಾ ಗುರುಗಳ ಪಾಲಕರಾದ ಸಂತ ಜಾನ್ ಮರಿಯಾ ವಿಯಾನಿಯವರಿಗೆ ಲತೀನ್ ಭಾಷೆ ಹತ್ತಲೇ ಇಲ್ಲ. (ಸೆಮಿನರಿಯಲ್ಲಿ ಲತೀನ್ ಓದಿದ ನಮಗೆ ಅವರ ಮೇಲೆ ವಿಶೇಷ ಮರುಕ.) ಲಿಯೋನ್ ಪಟ್ಟಣದ ಗುರುಮಠದಿಂದ ಅವರನ್ನು ಹಿಂದಕ್ಕೆ ಕಳುಹಿಸಿದರು. ಎಕ್ಯುಲಿಯ ವಿಚಾರಣಾ ಗುರುಗಳು ಕೈಬಿಡಲಿಲ್ಲ. ತಮ್ಮ ಮನೆಯಲ್ಲಿಯೇ ಪಾಠ ಹೇಳಿ, ಫ್ರೆಂಚ್ ಭಾಷೆಯಲ್ಲಿ ಪರೀಕ್ಷಿಸುವಂತೆ ಮೇಲಿನವರನ್ನು ಒಪ್ಪಿಸಿದರು. 1815ರಲ್ಲಿ ವಿಯಾನಿಯವರಿಗೆ ಗುರುದೀಕ್ಷೆಯಾಯಿತು. ಅವರಿಗೆ ಇಂತಹುದೇ ನ್ಯೂನತೆಯಿತ್ತೆಂದು ನಾವು ಹೇಳುವುದಿಲ್ಲ. ಆ ಗುರುಗಳ ಹಟ ಮಾತ್ರ ನಮಗೆ ಬೇಕಾಗಿದೆ.

ಐವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕಿಯೊಬ್ಬರೇ ಏನು ಮಾಡಿಯಾರು ಎಂಬುದು ನ್ಯಾಯವಾದ ಪ್ರಶ್ನೆ. ಎಲ್ಲರೆದುರು ಗಟ್ಟಿಯಾಗಿ ಓದೆಂದು ಆ ಮಗುವನ್ನು ನಿಲ್ಲಿಸದಿರಿ. ಪ್ರಶ್ನೆಯನ್ನು ನೀವೇ ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿರಿ. ಮುಂದಿನ ಬೆಂಚಿನಲ್ಲಿ ಕೂರಿಸಿರಿ. ಇಷ್ಟಕ್ಕೆ ಹಣ ಬೇಕಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಪುಸ್ತಕ ಓದಲಾರದ ಕಾರಣಕ್ಕೆ ಯಾವ ಮಗುವಿನ ಪ್ರಥಮ ಪರಮಪ್ರಸಾದವೂ ಇಲ್ಲಿ ಮುಂದಕ್ಕೆ ಹೋಗಬಾರದು. ಈ ವರ್ಷದ ಧರ್ಮೋಪದೇಶದ ಪರೀಕ್ಷೆಯನ್ನು ಬೇಕಾದವರಿಗೆ ಬಾಯಿಮಾತಿನಲ್ಲಿಯೇ ನಡೆಸುತ್ತೇವೆ. ಪೋಷಕರು ಭಾನುವಾರದ ಪೂಜೆಯ ನಂತರ ಬಂದು ಹೆಸರು ಕೊಟ್ಟರೆ ಸಾಕು. ಕಾರಣವನ್ನು ನಾವು ಕೇಳುವುದಿಲ್ಲ.