ಜಿಪಿಎಸ್ ನಿಂತಲ್ಲಿಂದ ಮುಂದೆ

ಚೆನ್ನೈನಲ್ಲಿ ಮಕ್ಕಳನ್ನ ಮೊಬೈಲ್ ಬಿಡಿಸಿ ನಡೆಸೋದು ಹೇಗೆ ಅಂತ ಕೇಳ್ತೀರಲ್ಲ? ನಾವು ಮೊಬೈಲ್ ಹಿಡಿಸಿಯೇ ನಡೆಸ್ತೀವಿ. ಆಟದ ಹೆಸರು ಜಿಯೊಕ್ಯಾಶಿಂಗ್. ಯಾರೋ ಡಬ್ಬಿ ಅಡಗಿಸಿ ಅದರ ಅಕ್ಷಾಂಶ, ರೇಖಾಂಶ ಕೊಟ್ಟಿರ್ತಾರೆ. ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಡಬೇಕು.

2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ನಲ್ಲಿ ಬೇಕಂತಲೇ ಇಟ್ಟಿದ್ದ ತಪ್ಪನ್ನು ತೆಗೆಯಿತು. ಒಂದೆರಡು ದಿನದಲ್ಲೇ ಆರೆಗಾನ್‌ನಲ್ಲಿ ಡೇವ್ ಅಲ್ಮರ್ ಮೊದಲ ಡಬ್ಬಿ ಇಟ್ಟರು.

ನಮ್ಮೂರಿಗೆ ಅಳತೆ ಹೊಸದಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಪರಂಗಿಮಲೆ ಬಳಿಯಿಂದ ಸುಮಾರು 12 ಕಿ.ಮೀ. ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಅಳೆದು ತಾಳೆ ನೋಡಿದರು.

ಫೋನ್ ಡಬ್ಬಿಯಿಂದ ಕೆಲವು ಮೀಟರ್ ದೂರದ ತನಕ ಕರ್ಕೊಂಡು ಹೋಗುತ್ತೆ, ಅಷ್ಟೇ. ಆಮೇಲೆ ಕಣ್ಣೇ ಗತಿ. ಊರಾಚೆ ಕೆರೆ ಏರಿ ಮೇಲೆ ಮಗಳು ಹುಡುಕ್ತಾ "ಅಪ್ಪಾ, ಇದೇನು?" ಅಂದಳು. ಆಡು ಕಾಯ್ತಿದ್ದ ತಾತ "ಮದಗು" ಅಂದ್ರು, ನಾನು "ತೂಬು" ಅಂದೆ. ಕನ್ನಡ ಮನೆಯೊಳಗೇ ಉಳಿದುಬಿಡೋ ಈ ಊರಲ್ಲಿ ಅವಳಿಗೆ ಆ ಮಾತು ಸಿಕ್ಕಿದ್ದು ಅಲ್ಲೇ.

ಎರಡೇ ಎಚ್ಚರ: ನೆಲ ಅಗೆಯಬೇಡಿ, ಅನುಮತಿ ಇಲ್ಲದೆ ಎಲ್ಲೂ ಡಬ್ಬಿ ಇಡಬೇಡಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಹೆದರ್ತಾರೆ. ಬಿಸಿಲೇರೋ ಮುಂಚೆ ಹೊರಡಿ.